ಬೀಜ ಹಾಕಿದ ಕೈಗೇ ಸೌಟು: ಮನೆಯಂಗಳದ ತರಕಾರಿಯಲ್ಲಿ ಮಕ್ಕಳಿಗೆ ಅಡುಗೆ ಕಲಿಸುವ ಬಗೆ

ಉಡುಪಿಯ ತರಕಾರಿ ಅಂಗಡಿಗೆ ಹೋದರೆ ಎರಡು ನಮೂನೆಯ ಬೆಂಡೆ ಕಾಣುತ್ತದೆ. ಒಂದು ಘಟ್ಟದ ಮೇಲಿನಿಂದ ಲಾರಿಯಲ್ಲಿ ಬಂದದ್ದು. ಕಡು ಹಸಿರು, ಬೆರಳುದ್ದ. ಇನ್ನೊಂದು ಊರ ಬೆಂಡೆ. ಬಿಳಿಚಿದ ಬಣ್ಣ, ಗೇಣುದ್ದ, ಬೆಲೆಯೂ ಜಾಸ್ತಿ. ಅಷ್ಟಮಿ, ಚೌತಿ ಹತ್ತಿರ ಬಂತೆಂದರೆ ಅದರ ರೇಟು ಕೇಳುವುದೇ ಬೇಡ.

ಮಗಳಿಗೆ ಆಗ 7 ವರ್ಷ. ಅಂಗಡಿಯಲ್ಲಿ ನಿಂತು ಕೇಳಿದಳು: "ಅಮ್ಮ, ಇದು ಊರಿದ್ದಾದ್ರೆ ನಮ್ಮ ಅಂಗಳದಲ್ಲಿ ಯಾಕೆ ಇಲ್ಲ?" ಅಂಗಡಿಯವರು ನಕ್ಕರು. ನಾನೂ ನಕ್ಕೆ. ಮನೆಗೆ ಬಂದು ನೋಡಿದರೆ ಅಂಗಳದಲ್ಲಿ ಇದ್ದದ್ದು ಎರಡು ಕ್ರೋಟನ್, ಒಂದು ತುಳಸಿ, ಉಳಿದದ್ದೆಲ್ಲ ಇಂಟರ್‌ಲಾಕ್.

ಅದಾಗಿ ನಾಲ್ಕು ವರ್ಷ ಆಯ್ತು. ಈಗ ಅವಳಿಗೆ 11, ತಮ್ಮನಿಗೆ 6. ಇಬ್ಬರೂ ಅಡುಗೆಮನೆಗೆ ಬರುತ್ತಾರೆ. ಕೆಲವು ಪದಾರ್ಥ ಅವರೇ ಮಾಡುತ್ತಾರೆ. ನಾನು ಮಾಡಿದ ತಪ್ಪು ನೀವು ಮಾಡದಿರಲಿ ಅಂತ ಇದನ್ನು ಬರೆಯುತ್ತಿದ್ದೇನೆ. ನನ್ನ ಮೊದಲ ತಪ್ಪು ಇದು: ರೆಸಿಪಿಯಿಂದ ಶುರು ಮಾಡಿದ್ದು. "ಇವತ್ತು ಪಲಾವ್ ಕಲಿಸ್ತೇನೆ" ಅಂದೆ. ಹತ್ತು ಸಾಮಾನು, ಹದಿನೈದು ಕೆಲಸ, ಎಲ್ಲದಕ್ಕೂ ನಾನೇ ಕೈ ಹಾಕಬೇಕು. ಮಗು ಸುಮ್ನೆ ನಿಂತು ನೋಡಬೇಕು. ಅದರ ಬದಲು ಗಿಡದಿಂದ ಶುರು ಮಾಡಿ. ಗಿಡ ಏನು ಕೊಡುತ್ತದೋ, ಎಷ್ಟು ಕೊಡುತ್ತದೋ, ಅಷ್ಟರಲ್ಲಿ ಒಂದು ಪದಾರ್ಥ. ಬೀಜ ಹಾಕಿದವರೇ ಕೊಯ್ಯಬೇಕು, ಕೊಯ್ದವರೇ ಸೌಟು ಹಿಡಿಯಬೇಕು.

ಇನ್ನೊಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಇದರಿಂದ ತರಕಾರಿ ಖರ್ಚು ಉಳಿಯುವುದಿಲ್ಲ. ನಮ್ಮ ಆರು ಗ್ರೋಬ್ಯಾಗು, ಒಂದು ಚಪ್ಪರದಿಂದ ಒಳ್ಳೆ ಕಾಲದಲ್ಲಿ ವಾರಕ್ಕೊಂದು ಪಲ್ಯ ಆಗುತ್ತದೆ. ಅಷ್ಟೇ. ಆದರೆ ಮಗುವಿಗೆ ಕಲಿಯಲು ವಾರಕ್ಕೊಂದು ಪಲ್ಯ ಬೇಕಾದಷ್ಟಾಯಿತು.

ಯಾವ ತಿಂಗಳು

ನವೆಂಬರ್. ದಸರಾ ರಜೆ ಮುಗಿದು, ದೀಪಾವಳಿ ಕಳೆದು, ಬೆಳಿಗ್ಗೆ ಸ್ವಲ್ಪ ಇಬ್ಬನಿ ಬೀಳಲು ಶುರುವಾಗುವ ಹೊತ್ತು.

ಹೆಚ್ಚಿನವರು ಜೂನ್‌ನಲ್ಲಿ ಮಳೆ ಬಂದ ಉತ್ಸಾಹಕ್ಕೆ ಶುರು ಮಾಡುತ್ತಾರೆ. ನಮ್ಮ ಕರಾವಳಿಯಲ್ಲಿ ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ. ಅದರ ಹೆಚ್ಚಿನ ಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಸುರಿದು ಮುಗಿಯುತ್ತದೆ. ಜುಲೈಯ ಮಳೆಗೆ ಹರಿವೆಯ ಎಳೆ ಸಸಿ ನಿಲ್ಲುವುದಿಲ್ಲ. ಹನಿಯ ಹೊಡೆತಕ್ಕೆ ಮಣ್ಣಿಗೆ ಒರಗುತ್ತದೆ, ಎರಡು ದಿನದಲ್ಲಿ ಕೊಳೆಯುತ್ತದೆ. ಮಗುವಿನ ಮೊದಲ ಗಿಡ ಹೀಗೆ ಹೋದರೆ ಎರಡನೆಯದಕ್ಕೆ ಕರೆದರೂ ಬರುವುದಿಲ್ಲ.

ಪತ್ತನಾಜೆಯ ಹೊತ್ತಿಗೆ, ಅಂದರೆ ಮೇ ಕೊನೆಗೆ, ಬೆಂಡೆ, ಹೀರೆ, ಮುಳ್ಳುಸೌತೆ, ಪಡುವಲದ ಬೀಜ ಹಾಕುವ ಕ್ರಮ ಹಿಂದಿನಿಂದ ಉಂಟು. ಅದು ಎರಡನೇ ವರ್ಷಕ್ಕಿರಲಿ.

ಯಾವ ಗಿಡ

ನಾಲ್ಕೇ ಸಾಕು: ಕೆಂಪು ಹರಿವೆ, ಅಲಸಂಡೆ, ಬಸಳೆ, ಒಂದೆಲಗ.

ಹರಿವೆ ಯಾಕೆಂದರೆ ಬೇಗ. ನಾಲ್ಕೈದು ದಿನಕ್ಕೆ ಮೊಳಕೆ, 25–30 ದಿನಕ್ಕೆ ಕೊಯ್ಲು. ಮಕ್ಕಳ ತಾಳ್ಮೆ ಒಂದು ತಿಂಗಳಿಗಿಂತ ಆಚೆ ಹೋಗುವುದಿಲ್ಲ ಅಲ್ವಾ. ಅಲಸಂಡೆಗೆ ಒಂದೂವರೆ, ಎರಡು ತಿಂಗಳು ಬೇಕು, ಆದರೆ ಬಳ್ಳಿ ಹತ್ತುವುದನ್ನು ದಿನಾ ನೋಡಬಹುದು. ಬಸಳೆಗೆ ಬೀಜವೇ ಬೇಡ, ಪಕ್ಕದ ಮನೆಯಿಂದ ಎರಡು ಗೇಣು ದಂಟು ತಂದು ನೆಟ್ಟರೆ ಚಪ್ಪರ ತುಂಬುತ್ತದೆ. ಒಂದೆಲಗ, ತುಳುವಿನಲ್ಲಿ ತಿಮರೆ, ಅದನ್ನು ಬೇರು ಸಹಿತ ಒಂದು ಹಿಡಿ ತಂದು ತೇವ ಇರುವ ನೆರಳಲ್ಲಿ ಊರಿದರೆ ಆಯ್ತು.

ಉಡುಪಿಯವರಿಗೆ ಗುಳ್ಳದ, ಅಂದರೆ ಉರುಟು ಬದನೆಯ ಆಸೆ ಇರುತ್ತದೆ. ನನಗೂ ಇತ್ತು. ಮಟ್ಟು ಊರಿನ ಮಟ್ಟುಗುಳ್ಳಕ್ಕೆ 2011ರಲ್ಲಿ ಜಿಐ (ಭೌಗೋಳಿಕ ಗುರುತು) ಮಾನ್ಯತೆ ಸಿಕ್ಕಿದೆ. ಸೋದೆ ಮಠದ ಯತಿ ವಾದಿರಾಜರು ಕೊಟ್ಟ ಬೀಜ ಅನ್ನುವ ಐತಿಹ್ಯ ಬೇರೆ. ಮಕ್ಕಳಿಗೆ ಕಥೆ ಹೇಳಲು ಬಹಳ ಚಂದ. ಬೆಳೆಸಲು ಅಷ್ಟು ಚಂದ ಇಲ್ಲ. ಕಾಯಿಕೊರಕ ಹುಳ ಬಿಡುವುದಿಲ್ಲ, ತೊಟ್ಟಿನಲ್ಲಿ ಮುಳ್ಳು ಬೇರೆ. ಗುಳ್ಳವನ್ನು ಕಟಪಾಡಿ ಕಡೆಯಿಂದ ಕೊಂಡೇ ತನ್ನಿ. ಟೊಮೆಟೊ ಕೂಡ ಬೇಡ. ನಮ್ಮ ಹುಳಿ ಮಣ್ಣಿಗೆ, ಸೆಕೆಗೆ ಅದಕ್ಕೆ ಬೇಗ ಬಾಡುರೋಗ ಹಿಡಿಯುತ್ತದೆ. ಬೆಳಿಗ್ಗೆ ಹಸಿರಾಗಿದ್ದ ಗಿಡ ಸಂಜೆಗೆ ಜೋತುಬಿದ್ದಿರುತ್ತದೆ.

ಬೀಜ ಮತ್ತು ಮಣ್ಣು

ಬೀಜದ ವಿಷಯದಲ್ಲಿ ಒಂದು ಎಚ್ಚರ. ಮೊದಲ ವರ್ಷ ಒಂದು ಅಂಗಡಿಯಿಂದ ಅಲಸಂಡೆ ಬೀಜದ ಪ್ಯಾಕೆಟ್ ತಂದಿದ್ದೆ. ಬಿಡಿಸಿದರೆ ಬೀಜವೆಲ್ಲ ಗುಲಾಬಿ ಬಣ್ಣ. ಮಗಳಿಗೆ ಖುಷಿಯೋ ಖುಷಿ, ಮುಷ್ಟಿ ತುಂಬ ಹಿಡಿದು ಆಡಿದಳು. ಆಮೇಲೆ ಪ್ಯಾಕೆಟ್ಟಿನ ಹಿಂದೆ ಓದಿದೆ: ಶಿಲೀಂಧ್ರನಾಶಕ ಹಚ್ಚಿದ ಬೀಜ, ತಿನ್ನಬಾರದು, ಮುಟ್ಟಿದ ಕೈ ತೊಳೆಯಬೇಕು. ವಿಷ ಹಾಕದ ತರಕಾರಿ ಬೆಳೆಯಲು ಹೊರಟು ವಿಷ ಹಚ್ಚಿದ ಬೀಜವನ್ನೇ ಮಗುವಿನ ಕೈಗೆ ಕೊಟ್ಟ ಹಾಗಾಯಿತು. ಗುಲಾಬಿ, ನೀಲಿ, ಹಸಿರು ಬಣ್ಣ ಹಚ್ಚಿದ ಬೀಜ ಕಂಡರೆ ಮಕ್ಕಳ ಕೈಗೆ ಕೊಡಬೇಡಿ. ನೆರೆಮನೆಯ ಅಜ್ಜಿಯ ಹತ್ತಿರ ಕೇಳಿ. ನಮ್ಮ ಕಡೆ ಇನ್ನೂ ಬಾಟಲಿಯಲ್ಲಿ ಬೂದಿ ಹಾಕಿ ಬೀಜ ಇಟ್ಟುಕೊಳ್ಳುವವರು ಇದ್ದಾರೆ. ಕೇಳಿದರೆ ಒಂದು ಚಮಚ ಕೊಡದವರು ಯಾರೂ ಇಲ್ಲ. ಬೀಜ, ಗಿಡದ ಬಗ್ಗೆ ಸಂಶಯ ಬಂದರೆ ಬ್ರಹ್ಮಾವರದಲ್ಲಿ ಕೃಷಿ ವಿಜ್ಞಾನ ಕೇಂದ್ರ ಇದೆ, ಮಂಗಳೂರಿನಲ್ಲೂ ಒಂದು ಇದೆ. ಹೋಗಿ ಕೇಳಬಹುದು.

ಮಣ್ಣಿಗೆ ಲೆಕ್ಕ ಸುಲಭ. ಕೆಂಪು ಮಣ್ಣು ಒಂದು ಬುಟ್ಟಿ, ಚೆನ್ನಾಗಿ ಕಳಿತ ಹಟ್ಟಿಗೊಬ್ಬರ ಒಂದು ಬುಟ್ಟಿ, ತೆಂಗಿನ ನಾರಿನ ಹುಡಿ ಅರ್ಧ ಬುಟ್ಟಿ. ಮೇಲೆ ಒಂದು ಹಿಡಿ ಒಲೆಯ ಬೂದಿ. ಮಳೆಗೆ ನಮ್ಮ ಮಣ್ಣಿನ ಸುಣ್ಣದ ಅಂಶ ತೊಳೆದು ಹೋಗಿ ಮಣ್ಣು ಹುಳಿಯಾಗಿರುತ್ತದೆ. ಬೂದಿ ಅದನ್ನು ಸ್ವಲ್ಪ ಸರಿಮಾಡುತ್ತದೆ. ಜಾಸ್ತಿ ಬೇಡ. ಹಳ್ಳಿಯಲ್ಲಿ ಸುಡುಮಣ್ಣು, ಅಂದರೆ ತರಗೆಲೆ ಹಾಕಿ ಸುಟ್ಟ ಮಣ್ಣು, ಮಾಡುವವರಿದ್ದರೆ ಒಂದು ಚೀಲ ತನ್ನಿ, ಅದರಷ್ಟು ಒಳ್ಳೆಯದು ಬೇರೆ ಇಲ್ಲ. ಪ್ಯಾಕೆಟ್ ಗೊಬ್ಬರ ತರುವುದಾದರೆ ತೆರೆದು ನೋಡಿ ತನ್ನಿ. ಒಮ್ಮೆ ನಾನು ತಂದ "ಸಾವಯವ" ಚೀಲದಲ್ಲಿ ಶ್ಯಾಂಪೂ ಪ್ಯಾಕೆಟ್ಟಿನ ಚೂರುಗಳು ಇದ್ದವು.

ಅಕ್ಕಿ ತೊಳೆದ ನೀರು, ಮೀನು ತೊಳೆದ ನೀರು ಬಸಳೆ ಬುಡಕ್ಕೆ. ಇದು ಅತ್ತೆಯ ಕಾನೂನು, ನಾನು ಪ್ರಶ್ನೆ ಮಾಡಲಿಲ್ಲ. ಬಸಳೆ ಮಾತ್ರ ಆನೆಕಿವಿಯ ಹಾಗೆ ಬರುತ್ತದೆ.

ಬಿತ್ತುವ ದಿನ

ಹರಿವೆ ಬೀಜ ಸಾಸಿವೆಗಿಂತ ಸಣ್ಣದು. ಮಗುವಿನ ಕೈಗೆ ಕೊಟ್ಟರೆ ಒಂದೇ ಕಡೆ ಸುರಿದುಬಿಡುತ್ತದೆ. ಒಂದು ಚಿಟಿಕೆ ಬೀಜಕ್ಕೆ ಒಂದು ಹಿಡಿ ಒಣ ಹೊಯಿಗೆ (ಮರಳು) ಬೆರೆಸಿ. ಕೋಸಂಬರಿಗೆ ಕಾಯಿತುರಿ ಉದುರಿಸಿದ ಹಾಗೆ ಉದುರಿಸಲು ಹೇಳಿ. ಮೇಲೆ ಮಣ್ಣು ತೆಳ್ಳಗೆ, ಬೀಜ ಮುಚ್ಚುವಷ್ಟು ಮಾತ್ರ. ನೀರು ಕೈಯಲ್ಲಿ ಚಿಮುಕಿಸಬೇಕು, ತಂಬಿಗೆಯಿಂದ ಹೊಯ್ಯಬಾರದು.

ನಮ್ಮ ಮೊದಲ ಬಿತ್ತನೆ ಮೊಳೆಯಲೇ ಇಲ್ಲ. ಆರನೇ ದಿನ ಮಗಳು ಕಂಡುಹಿಡಿದಳು: ಇರುವೆ ಸಾಲು ಒಂದೊಂದೇ ಕಪ್ಪು ಬೀಜ ಹೊತ್ತು ಗೋಡೆ ಹತ್ತುತ್ತಾ ಇತ್ತು. ಈಗ ಚೀಲದ ಸುತ್ತ ಅರಸಿನ ಹುಡಿಯ ಒಂದು ಗೆರೆ ಎಳೆಯುತ್ತೇವೆ. ಗೆರೆ ಎಳೆಯುವ ಕೆಲಸ ಮಗನದ್ದು. ಅವನ ಅಂಗಿ ನೋಡಿದರೆ ಗೊತ್ತಾಗುತ್ತದೆ.

ಅಲಸಂಡೆ ದೊಡ್ಡ ಬೀಜ. ಬೆರಳಿನ ಒಂದು ಗೆಣ್ಣು ಆಳಕ್ಕೆ ಒತ್ತಿದರೆ ಮುಗಿಯಿತು. ಹೂ ಬಿಡುವ ಹೊತ್ತಿಗೆ ಎಳೆ ಕುಡಿಗೆ ಕಪ್ಪು ಹೇನು ಹತ್ತುತ್ತದೆ. ಬೆಳಿಗ್ಗೆ ಇಬ್ಬನಿ ಆರುವ ಮೊದಲು ಬೂದಿ ಉದುರಿಸಿ. ಅದಕ್ಕೂ ಬಗ್ಗದಿದ್ದರೆ ಒಂದು ಲೀಟರ್ ನೀರಿಗೆ 5 ಮಿಲಿ ಬೇವಿನೆಣ್ಣೆ, ಎರಡು ಹನಿ ಸೋಪು ನೀರು, ಚೆನ್ನಾಗಿ ಕಲಕಿ ಸಿಂಪಡಿಸಿ. ಸಂಜೆ ಸಿಂಪಡಿಸಿ, ಬಿಸಿಲಲ್ಲಿ ಬೇಡ. ನವಿಲು ಬಂದರೆ ಮಾತ್ರ ನನ್ನಲ್ಲಿ ಮದ್ದಿಲ್ಲ. ಹಳೆ ಮೀನುಬಲೆ ಮುಚ್ಚಿ, ದೇವರ ಮೇಲೆ ಭಾರ ಹಾಕಿ.

ವಿಷ ಇಲ್ಲ ಅಂದ ಮಾತ್ರಕ್ಕೆ ತೊಳೆಯದೆ ತಿನ್ನಬಹುದು ಅಂತಲ್ಲ

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಮನೆಯಲ್ಲಿ ಬೆಳೆದದ್ದು ಎಂದರೆ ಶುದ್ಧ, ಹಾಗೇ ಕಿತ್ತು ಬಾಯಿಗೆ ಹಾಕಬಹುದು ಅನ್ನುವ ಭಾವನೆ ನಮಗಿದೆ. ನಾವು ಹಾಕಿದ್ದು ಸೆಗಣಿ ಗೊಬ್ಬರ. ಹಸಿ ಸೆಗಣಿಯಲ್ಲಿ ಹೊಟ್ಟೆ ಕೆಡಿಸುವ ಬ್ಯಾಕ್ಟೀರಿಯಾ ಇರಬಹುದು. ಹಾಗಾಗಿ ಹಸಿ ಸೆಗಣಿ ನೀರನ್ನು ಸೊಪ್ಪಿನ ಎಲೆ ಮೇಲೆ ಹೊಯ್ಯಬೇಡಿ. ಬುಡಕ್ಕೆ ಹಾಕುವ ಗೊಬ್ಬರವೂ ತಿಂಗಳುಗಟ್ಟಲೆ ಕಳಿತು, ವಾಸನೆ ಹೋಗಿ, ಹುಡಿಹುಡಿ ಆಗಿರಬೇಕು.

ಮಳೆಗಾಲದಲ್ಲಿ ಇಲಿಜ್ವರದ ಭಯ ನಮ್ಮ ಉಡುಪಿ, ದಕ್ಷಿಣ ಕನ್ನಡ ಎರಡೂ ಜಿಲ್ಲೆಗಳಲ್ಲಿ ಇದೆ. ಇಲಿಯ ಮೂತ್ರ ಬೆರೆತ ನೀರು, ಕೆಸರು ಕಾಲಿನ ಗಾಯಕ್ಕೆ ತಾಗಿದರೆ ಬರುವ ಜ್ವರ ಅದು. ಮಕ್ಕಳ ಕೈಕಾಲಲ್ಲಿ ಗಾಯ ಇದ್ದರೆ ಆ ದಿನ ಕೆಸರಿಗೆ ಇಳಿಸಬೇಡಿ. ಬೇರೆ ದಿನವೂ ಚಪ್ಪಲಿ ಇರಲಿ, ಬೂಟು ಇದ್ದರೆ ಇನ್ನೂ ಒಳ್ಳೆಯದು. ತೋಡಿನ ಬದಿಯ ಒಂದೆಲಗವನ್ನು ಹಸಿಯಾಗಿ ರುಬ್ಬಬೇಡಿ. ಕುಂಡದಲ್ಲಿ ಬೆಳೆಸಿದ್ದೇ ಇರಲಿ.

ತೊಳೆಯುವ ಕೆಲಸ ಪೂರ್ತಿ ಮಗುವಿಗೆ ಕೊಡಿ. ದೊಡ್ಡ ಪಾತ್ರೆಯಲ್ಲಿ ನೀರು ತುಂಬಿಸಿ, ಸೊಪ್ಪು ಮುಳುಗಿಸಿ, ಅಲ್ಲಾಡಿಸಿ, ಎರಡು ನಿಮಿಷ ಬಿಟ್ಟು ಸೊಪ್ಪನ್ನು ಮೇಲಿನಿಂದ ಎತ್ತಬೇಕು. ನೀರಿನ ಜೊತೆ ಬಗ್ಗಿಸಿದರೆ ಅಡಿಗೆ ಕೂತ ಹೊಯಿಗೆ ಮತ್ತೆ ಸೊಪ್ಪಿಗೇ ಬರುತ್ತದೆ. ಎತ್ತಿದ ಮೇಲೆ ಪಾತ್ರೆಯ ಅಡಿ ಸವರಿ ನೋಡಲಿ. ಬೆರಳಿಗೆ ಹೊಯಿಗೆ ತಾಗಿದರೆ ಇನ್ನೊಮ್ಮೆ. ನಮ್ಮಲ್ಲಿ ಸಾಮಾನ್ಯವಾಗಿ ಮೂರು ನೀರು ಬೇಕಾಗುತ್ತದೆ. ತೊಳೆದ ನೀರು ವಾಪಸ್ ಗಿಡಕ್ಕೆ.

ಮೊದಲ ಪದಾರ್ಥ: ಬೆಂಕಿ ಬೇಡ

ಒಂದೆಲಗದ ತಂಬುಳಿ. 5 ವರ್ಷದ ಮಗುವೂ ಮುಕ್ಕಾಲು ಪಾಲು ಮಾಡಬಹುದು.

ದಂಟು ಸಹಿತ ಒಂದು ಹಿಡಿ ಒಂದೆಲಗ ಕೊಯ್ದು ತೊಳೆಯಲಿ. ಅರ್ಧ ಕಪ್ ಕಾಯಿತುರಿ, ಅರ್ಧ ಚಮಚ ಜೀರಿಗೆ, ನಾಲ್ಕು ಕಾಳು ಒಳ್ಳೆಮೆಣಸು (ಕರಿಮೆಣಸು) ಅವರೇ ಎಣಿಸಿ ಮಿಕ್ಸಿ ಜಾರಿಗೆ ಹಾಕಲಿ. ಎಣಿಸುವುದು ಅವರಿಗೆ ಬಹಳ ಇಷ್ಟ. ಮಿಕ್ಸಿ ತಿರುಗಿಸುವುದು ನೀವು. ನುಣ್ಣಗಾದ ಮೇಲೆ ಎರಡು ಕಪ್ ಮಜ್ಜಿಗೆ, ಉಪ್ಪು. ತುಪ್ಪದಲ್ಲಿ ಒಂದು ಒಣಮೆಣಸು, ಸ್ವಲ್ಪ ಸಾಸಿವೆಯ ಒಗ್ಗರಣೆ ನೀವೇ ಕೊಡಿ. ಕುದಿಸಬಾರದು, ಮಜ್ಜಿಗೆ ಒಡೆಯುತ್ತದೆ.

ಸಾಂಬ್ರಾಣಿ ಸೊಪ್ಪಿನ (ದೊಡ್ಡಪತ್ರೆಯ) ತಂಬುಳಿಯೂ ಹೀಗೇ, ಎಲೆಯನ್ನು ಮಾತ್ರ ಮೊದಲು ತುಪ್ಪದಲ್ಲಿ ಬಾಡಿಸಿಕೊಳ್ಳಬೇಕು. ಮಗನಿಗೆ ಅದರ ವಾಸನೆ ಆಗುವುದಿಲ್ಲ. "ಇದು ಮದ್ದಿನ ಹಾಗೆ ಉಂಟು" ಅಂತಾನೆ. ಒತ್ತಾಯ ಮಾಡಲಿಲ್ಲ. ಎಲೆ ಕೊಯ್ದು ಕೊಡುತ್ತಾನೆ, ತಿನ್ನುವುದಿಲ್ಲ. ಇರಲಿ ಬಿಡಿ.

ಇಲ್ಲೊಂದು ಮಾತು. ಊಟಕ್ಕೆ ಕೂತಾಗ "ಒಂದೆಲಗ ತಿಂದರೆ ಬುದ್ಧಿ ಚುರುಕಾಗ್ತದೆ", "ಹರಿವೆಯಲ್ಲಿ ಕಬ್ಬಿಣಾಂಶ ಇದೆ" ಅಂತ ಶುರು ಮಾಡಬೇಡಿ. ನಾನು ಮಾಡಿದ್ದೆ. ಮಗಳು ತಕ್ಷಣ ಬಟ್ಟಲು ಬದಿಗೆ ಸರಿಸಿದಳು. ಉಪ್ಪು ಸಾಕಾ, ಹುಳಿ ಬೇಕಾ ಅಂತ ಕೇಳಿ. ಅಡುಗೆ ಮಾಡಿದವರ ಹತ್ತಿರ ಕೇಳುವ ಪ್ರಶ್ನೆ ಅದು.

ಕತ್ತಿ ಹಿಡಿಯುವ ಮೊದಲು

ಕತ್ತಿಯೇ ಬೇಡದ ತರಕಾರಿ ನಮ್ಮಲ್ಲಿ ಬೇಕಾದಷ್ಟಿದೆ. ಎಳೆ ಅಲಸಂಡೆಯನ್ನು ಕೈಯಲ್ಲೇ ಪಟಪಟ ಮುರಿಯಬಹುದು, ಒಂದು ಇಂಚಿಗೆ ಒಂದು. ಮುರಿಯದೆ ಬಾಗಿದರೆ ಅದು ಬೆಳೆದದ್ದು, ಬಿಡಿಸಿ ಕಾಳು ತೆಗೆಯುವ ರಾಶಿಗೆ ಹಾಕು ಅಂತ ಹೇಳಿ. ಒಂದು ಸಲ ಹೇಳಿದರೆ ಸಾಕು, ಎಳೆಯದು ಬಲಿತದ್ದು ಬೆರಳಿಗೇ ಗೊತ್ತಾಗುತ್ತದೆ. ಹರಿವೆ ಎಲೆ ಬಿಡಿಸುವುದು, ಬಸಳೆ ದಂಟು ಮುರಿಯುವುದು, ಕರಿಬೇವಿನ ಸೊಪ್ಪು ಕಡ್ಡಿಯಿಂದ ಎಳೆಯುವುದು, ಇದೆಲ್ಲ 4–6 ವರ್ಷದವರ ಕೆಲಸ.

ಏಳರ ಮೇಲೆ ಸಣ್ಣ ಚೂರಿ ಕೊಡಬಹುದು. ಬೆಂದ ಗೆಣಸು, ಬಾಳೆಹಣ್ಣು, ಆಮೇಲೆ ಮುಳ್ಳುಸೌತೆ. ತರಕಾರಿ ಹಿಡಿದ ಕೈಯ ಬೆರಳ ತುದಿ ಒಳಗೆ ಮಡಚಿರಬೇಕು, ಬೆಕ್ಕು ಕಾಲು ಮಡಚಿ ಕೂತ ಹಾಗೆ. ಉರುಟು ತರಕಾರಿಯನ್ನು ಮೊದಲು ನೀವು ಎರಡು ಹೋಳು ಮಾಡಿ ಕೊಡಿ. ಚಪ್ಪಟೆ ಬದಿ ಮಣೆಗೆ ಕೂತರೆ ಜಾರುವುದಿಲ್ಲ. ಮೊಂಡು ಚೂರಿ ಕೊಟ್ಟರೆ ಸೇಫ್ ಅಂತ ಕಾಣಬಹುದು. ಹಾಗಿಲ್ಲ. ಮೊಂಡಾದರೆ ಮಗು ಜೋರಾಗಿ ಒತ್ತುತ್ತದೆ, ಜಾರುತ್ತದೆ.

ಮೆಟ್ಟುಕತ್ತಿಗೆ (ಈಳಿಗೆಮಣೆಗೆ) 12 ವರ್ಷ ಆಗಲಿ. ನನ್ನ ಅಮ್ಮ ಏಳನೇ ವಯಸ್ಸಿಗೇ ಮೆಟ್ಟುಕತ್ತಿಯಲ್ಲಿ ಕೂತವರು. "ನಮಗೇನಾಯ್ತು?" ಅಂತ ಕೇಳುತ್ತಾರೆ. ಅವರ ಎಡಗೈ ತೋರುಬೆರಳಿನ ಗೆರೆ ನೋಡಿ ನಾನು ಸುಮ್ನಾಗುತ್ತೇನೆ.

ಹರಿವೆ ಪಲ್ಯ, ಹೆಜ್ಜೆ ಹೆಜ್ಜೆಯಾಗಿ

ಇದು ನಮ್ಮ ಮನೆಯ ಮೊದಲ ಬಿಸಿ ಅಡುಗೆ. 8 ವರ್ಷದ ಮೇಲಿನವರಿಗೆ, ದೊಡ್ಡವರು ಪಕ್ಕದಲ್ಲೇ ನಿಂತಿರುವಾಗ.

ಹರಿವೆಯನ್ನು ಬುಡದಿಂದ ಕೀಳಬೇಡಿ. ಮಣ್ಣಿನಿಂದ ಮೂರು ಬೆರಳು ಮೇಲೆ ಕತ್ತರಿಯಲ್ಲಿ ಕತ್ತರಿಸಿದರೆ ಮತ್ತೆ ಚಿಗುರುತ್ತದೆ, ಎರಡು ಮೂರು ಸಲ ಸಿಗುತ್ತದೆ. ಒಂದು ತುಂಬಿದ ಹರಿವಾಣದಷ್ಟು ಸೊಪ್ಪು ಬೇಕು. ತೊಳೆದು, ನೀರು ಬಸಿದು, ಎಲೆಯನ್ನು ಕೈಯಲ್ಲೇ ಹರಿದುಕೊಳ್ಳಿ. ಎಳೆ ದಂಟು ಸಣ್ಣಗೆ ಹೆಚ್ಚಿ ಬೇರೆ ಇಡಿ, ಅದು ಮೊದಲು ಬೇಯಬೇಕು.

ಬಾಣಲೆ ಒಲೆ ಮೇಲಿಟ್ಟು, ಗ್ಯಾಸ್ ಹಚ್ಚುವ ಮೊದಲೇ ಎಣ್ಣೆ ಹಾಕಲಿ. ಎರಡು ಚಮಚ ತೆಂಗಿನೆಣ್ಣೆ. ಸಣ್ಣ ಉರಿ. ಒಂದೇ ಒಂದು ಸಾಸಿವೆ ಕಾಳು ಹಾಕಿ ಕಾಯಲು ಹೇಳಿ. ಅದು ಚಟ್ ಅಂದರೆ ಎಣ್ಣೆ ಕಾದಿದೆ. ಆಗ ಉಳಿದ ಅರ್ಧ ಚಮಚ ಸಾಸಿವೆ ಹಾಕಿ ತಕ್ಷಣ ಮುಚ್ಚಳ. ಒಳಗೆ ಪಟಪಟ ನಿಂತ ಮೇಲೆ ತೆರೆದು ಒಂದು ಚಮಚ ಉದ್ದಿನಬೇಳೆ, ಎರಡು ತುಂಡು ಒಣಮೆಣಸು, ಕರಿಬೇವಿನ ಸೊಪ್ಪು. ಕರಿಬೇವಿನ ಸೊಪ್ಪಿನಲ್ಲಿ ನೀರು ಉಳಿದಿದ್ದರೆ ಎಣ್ಣೆ ಸಿಡಿಯುತ್ತದೆ. ಬಟ್ಟೆಯಲ್ಲಿ ಒರಸಿಯೇ ಹಾಕಬೇಕು. ಈ ಒಂದು ವಿಷಯವನ್ನು ಮೂರು ಸಲ ಹೇಳಿ.

ಉದ್ದಿನಬೇಳೆ ಕೆಂಪಾದ ಕೂಡಲೆ ದಂಟು, ಚಿಟಿಕೆ ಅರಸಿನ, ಕಾಲು ಲೋಟ ನೀರು. ಐದು ನಿಮಿಷ ಬೇಯಲಿ. ಆಮೇಲೆ ಎಲೆ.

ಮೊದಲ ಸಲ ಇಲ್ಲೇ ಎಡವಿದ್ದು. ಎಲೆ ಹಾಕಿದಾಗ ಬಾಣಲೆ ತುಂಬಿ ಮೇಲೆ ಗುಡ್ಡೆಯಾಯಿತು. ಮಗಳು ಗುಡ್ಡೆ ನೋಡಿದಳು, ಉಪ್ಪಿನ ಡಬ್ಬಿ ನೋಡಿದಳು, ಒಂದೂವರೆ ಚಮಚ ಹಾಕಿದಳು. ಇಷ್ಟು ಸೊಪ್ಪಿಗೆ ಇಷ್ಟು ಉಪ್ಪು, ಲೆಕ್ಕ ಸರಿಯೇ. ಎರಡು ನಿಮಿಷ ಕಳೆದು ಮುಚ್ಚಳ ತೆಗೆದರೆ ಗುಡ್ಡೆ ಕುಸಿದು ಒಂದು ಮುಷ್ಟಿ ಆಗಿತ್ತು. "ಅಮ್ಮ, ಸೊಪ್ಪು ಎಲ್ಲಿ ಹೋಯ್ತು?" ಅಂತ ನಿಜವಾಗಿಯೂ ಗಾಬರಿಯಿಂದ ಕೇಳಿದಳು. ಸೊಪ್ಪು ಎಲ್ಲಿಗೂ ಹೋಗಲಿಲ್ಲ, ಅದರೊಳಗಿನ ನೀರು ಹೋಯ್ತು. ಉಪ್ಪು ಮಾತ್ರ ಹಾಗೇ ಉಳಿಯಿತು. ಆ ಪಲ್ಯವನ್ನು ಕಾಯಿತುರಿ ಸುರಿದು, ಬೇಯಿಸಿದ ಹೆಸರುಕಾಳು ಸುರಿದು ಹೇಗೋ ಬಚಾವ್ ಮಾಡಿದೆವು. ಅವಳ ಅಜ್ಜ ಎರಡು ಸಲ ನೀರು ಕುಡಿದರು, ಆದರೆ "ಪಷ್ಟಾಗಿದೆ ಮಗಾ" ಅಂದರು. ಅಂಥವರೊಬ್ಬರು ಮನೆಯಲ್ಲಿ ಬೇಕು.

ಹಾಗಾಗಿ ನಿಯಮ ಹೀಗೆ: ಸೊಪ್ಪು ಕುಸಿದ ಮೇಲೆಯೇ ಉಪ್ಪು. ಮೊದಲು ಅರ್ಧ ಚಮಚಕ್ಕೂ ಕಡಿಮೆ. ರುಚಿ ನೋಡಲು ಒಂದು ಚಮಚ ಬೇರೆ, ಒಂದು ಸಣ್ಣ ಬಟ್ಟಲು ಬೇರೆ. ಬಟ್ಟಲಿಗೆ ಹಾಕಿ, ಊದಿ, ರುಚಿ ನೋಡಿ, ಬೇಕಾದರೆ ಇನ್ನೊಂದು ಚಿಟಿಕೆ.

ಕೊನೆಗೆ ಅರ್ಧ ಕಪ್ ಕಾಯಿತುರಿ, ಅದರ ಜೊತೆ ಅರ್ಧ ಚಮಚ ಜೀರಿಗೆ ಜಜ್ಜಿ ಹಾಕಿದರೆ ಒಳ್ಳೆ ಪರಿಮಳ. ಕೆಂಪು ಹರಿವೆಯಾದರೆ ಅನ್ನಕ್ಕೆ ಕಲಸಿದಾಗ ಅನ್ನ ಗುಲಾಬಿಯಾಗುತ್ತದೆ. ತರಕಾರಿ ಬೇಡ ಅನ್ನುವ ಮಗ ಆ ಬಣ್ಣಕ್ಕೇ ಮರುಳಾಗಿ ತಿಂದ. ಕುಚ್ಚಲಕ್ಕಿ ಗಂಜಿ, ಈ ಪಲ್ಯ, ಒಂದು ಹೋಳು ಮಾವಿನ ಉಪ್ಪಿನಕಾಯಿ. ರಾತ್ರಿಯ ಊಟ ಆಯ್ತು.

ಒಲೆಯ ಹತ್ತಿರದ ಕೆಲವು ಕಟ್ಟುನಿಟ್ಟು

ಬಾಣಲೆಯ ಹಿಡಿ ಒಳಗೆ ತಿರುಗಿರಲಿ. ನೈಲಾನ್ ಬಟ್ಟೆ ಬೇಡ. ಕೂದಲು ಕಟ್ಟಿರಬೇಕು. ಸ್ಟೂಲು ಗಟ್ಟಿ ಮರದ್ದಿರಲಿ, ಪ್ಲಾಸ್ಟಿಕ್ ಬೇಡ. ಕುಕ್ಕರಿನ ಮುಚ್ಚಳ ತೆಗೆಯುವುದು ದೊಡ್ಡವರ ಕೆಲಸ, ಇದರಲ್ಲಿ ರಾಜಿ ಇಲ್ಲ. ಮೆಣಸು ಮುಟ್ಟಿದ ಕೈ ಸೋಪಿನಲ್ಲಿ ತೊಳೆಯದೆ ಕಣ್ಣು ಉಜ್ಜಬಾರದು.

ಸುಟ್ಟರೆ ನಳ್ಳಿಯ ಹರಿಯುವ ನೀರಿಗೆ 20 ನಿಮಿಷ ಹಿಡಿಯಿರಿ, ಗಡಿಯಾರ ನೋಡಿ. ಟೂತ್‌ಪೇಸ್ಟ್, ತುಪ್ಪ, ಅರಸಿನ, ಐಸು ಯಾವುದೂ ಬೇಡ. ದೊಡ್ಡ ಗುಳ್ಳೆ ಎದ್ದರೆ, ಮುಖಕ್ಕೋ ಬೆರಳ ಸಂದಿಗೋ ತಾಗಿದ್ದರೆ ಡಾಕ್ಟರ ಹತ್ತಿರ ಹೋಗಿ.

ಮುಂದಿನದು

ಹರಿವೆ ಕೈಗೆ ಕೂತ ಮೇಲೆ ಅಲಸಂಡೆ ಪಲ್ಯ ತಾನಾಗಿ ಬರುತ್ತದೆ. ಬಸಳೆಗೆ ಕಾಯಿ ಮಸಾಲೆ ರುಬ್ಬಬೇಕು, ಅದಕ್ಕೆ ನಮ್ಮಲ್ಲಿ ಎಟ್ಟಿ, ಅಂದರೆ ಸಿಗಡಿ ಹಾಕುವ ಕ್ರಮ. ಮೀನು ತಿನ್ನದ ಮನೆಯಲ್ಲಿ ಹೆಸರುಕಾಳು ಹಾಕಿ. ಕಾಯಿ ಕೆರೆಯುವುದನ್ನು ಹತ್ತರ ಮೇಲೆ ಕಲಿಸಬಹುದು, ಬಿಳಿ ಮುಗಿದು ಕಂದು ಬರುವ ಮೊದಲು ನಿಲ್ಲಿಸಬೇಕು ಅನ್ನುವುದು ಒಂದು ಕಾಯಿ ಹಾಳಾದ ಮೇಲೆ ಗೊತ್ತಾಗುತ್ತದೆ. ನೀರುದೋಸೆ ಹೊಯ್ಯುವ ಆಸೆ ಎಲ್ಲ ಮಕ್ಕಳಿಗೂ. ಕಾದ ಕಾವಲಿಗೆ ದೂರದಿಂದ ಹಿಟ್ಟು ಎರಚಬೇಕಾದ್ದರಿಂದ ನಾನು ಇನ್ನೂ ಮಗನಿಗೆ ಬಿಟ್ಟಿಲ್ಲ.

ಕೆಸುವಿನ ಎಲೆಗೆ ಹಿಟ್ಟು ಸವರಿ, ಸುತ್ತಿ ಬೇಯಿಸುವ ಪತ್ರೊಡೆಯ ವಿಷಯ ಹೇಳಲೇಬೇಕು. ಆಟಿಯಲ್ಲಿ, ಜುಲೈ–ಆಗಸ್ಟ್ ಮಳೆಗೆ, ಕೆಸು ತಾನಾಗಿ ಏಳುತ್ತದೆ. ನೆಡುವ ಕೆಲಸವೂ ಇಲ್ಲ. ಆದರೆ ಎಲ್ಲ ಕೆಸುವೂ ತಿನ್ನುವ ಕೆಸು ಅಲ್ಲ. ಗೊತ್ತಿದ್ದ ಹಿರಿಯರ ಜೊತೆ ಹೋಗಿಯೇ ಕೊಯ್ಯಿರಿ. ಕೆಸುವಿನ ಎಲೆಯಲ್ಲಿ ಕಣ್ಣಿಗೆ ಕಾಣದ ಸೂಜಿಯಂಥ ಹರಳುಗಳಿರುತ್ತವೆ, ಕ್ಯಾಲ್ಸಿಯಂ ಆಕ್ಸಲೇಟ್. ನಾಲಿಗೆ, ಗಂಟಲು ತುರಿಸುವುದು ಅದರಿಂದಲೇ. ಹುಣಸೆಹುಳಿ ಧಾರಾಳ ಹಾಕುವುದು, ಹಬೆಯಲ್ಲಿ ಒಂದು ಗಂಟೆ ಬೇಯಿಸುವುದು ಅದಕ್ಕಾಗಿ.

ಮಕ್ಕಳಿಗೆ ಹಿಟ್ಟು ನೆಕ್ಕುವ ಚಟ ಉಂಟು. ದೋಸೆ ಹಿಟ್ಟಾದರೆ ಬಾಯಿ ತುರಿಸುವುದಿಲ್ಲ. ಪತ್ರೊಡೆಗೆ ಹಿಟ್ಟು ಸವರಿದ ಹಸಿ ಎಲೆಯ ಅಂಚನ್ನು ನನ್ನ ತಮ್ಮನ ಮಗ ನೆಕ್ಕಿದ. ಅರ್ಧ ಗಂಟೆ ಅತ್ತ. ಬೆಲ್ಲ, ಮಜ್ಜಿಗೆ, ಮತ್ತೆ ಬೆಲ್ಲ. ಬೆಂದ ಪತ್ರೊಡೆ ತಟ್ಟೆಗೆ ಬಂದಾಗ "ನಂಗೆ ಬೇಡ ದೊಡ್ಡತ್ತೆ" ಅಂತ ಬಾಗಿಲ ಹಿಂದೆ ನಿಂತಿದ್ದ. ಹಾಗಾಗಿ ಪತ್ರೊಡೆಯಲ್ಲಿ ಮಕ್ಕಳ ಕೆಲಸ ಎರಡು: ಅಕ್ಕಿ ತೊಳೆದು ನೆನೆಸುವುದು, ಸುತ್ತಿದ ಸುರುಳಿಗೆ ಬಾಳೆನಾರು ಕಟ್ಟುವುದು. ಕಟ್ಟುವ ಮೊದಲು ಕೈಗೆ ತೆಂಗಿನೆಣ್ಣೆ ಹಚ್ಚಿಕೊಳ್ಳಬೇಕು.

ಒಂದು ಗಿಡ ಬಿಟ್ಟುಬಿಡಿ

ಹರಿವೆಯ ಚೀಲದಲ್ಲಿ ದಪ್ಪಗೆ ಬಂದ ಒಂದು ಗಿಡವನ್ನು ಕೊಯ್ಯದೆ ಬಿಡಿ. ಯಾವುದು ಅಂತ ಮಗುವೇ ಆರಿಸಲಿ, ಕೆಂಪು ನೂಲು ಕಟ್ಟಿ ಗುರುತಿಡಲಿ. ಬಣ್ಣಕ್ಕೆ ಚಂದ ಇರುವ ಗಿಡ ಬಿಟ್ಟರೆ ಮುಂದಿನ ಬೆಳೆಯೂ ಚಂದ ಬರುವ ಸಾಧ್ಯತೆ ಜಾಸ್ತಿ. ಹಸಿರು ಹರಿವೆಯೂ ಹತ್ತಿರದಲ್ಲೇ ಹೂ ಬಿಟ್ಟಿದ್ದರೆ ಬೆರಕೆ ಆಗಬಹುದು, ಅದನ್ನು ಮೊದಲೇ ಕೊಯ್ದು ಪಲ್ಯ ಮಾಡಿಬಿಡಿ.

ಎರಡು ಮೂರು ತಿಂಗಳಿಗೆ ಗಿಡ ಎದೆಯೆತ್ತರ ಬಂದು ತೆನೆ ಬಿಡುತ್ತದೆ. ತೆನೆ ಒಣಗಿ, ತಟ್ಟಿದರೆ ಕಪ್ಪು ಬೀಜ ಉದುರಬೇಕು. ಆಗ ಕತ್ತರಿಸಿ, ಪೇಪರ್ ಮೇಲೆ ಎರಡು ದಿನ ನೆರಳಲ್ಲಿ ಒಣಗಿಸಿ, ಅಂಗೈಯಲ್ಲಿ ಉಜ್ಜಿ, ಸಣ್ಣ ಗೆರಸೆಯಲ್ಲಿ ಗೇರಿ. ಫ್ಯಾನ್ ಹಾಕಿ ಗೇರಬೇಡಿ, ಬೀಜವೂ ಹೊಟ್ಟಿನ ಜೊತೆ ಹಾರುತ್ತದೆ. ನಮ್ಮದು ಅರ್ಧ ಹಾಲ್ ತುಂಬ ಹಾರಿತ್ತು. ಒಣ ಬೂದಿ ಬೆರೆಸಿ, ನೀರಿನ ಪಸೆ ಇಲ್ಲದ ಬಾಟಲಿಗೆ ತುಂಬಿ ಬಿಗಿಯಾಗಿ ಮುಚ್ಚಿ. ಜೂನ್ ಮಳೆಯ ತೇವ ಒಳಗೆ ಹೋದರೆ ಬೂಷ್ಟು ಹಿಡಿಯುತ್ತದೆ.

ಬಾಟಲಿಗೆ ಚೀಟಿ ಅಂಟಿಸುವ ಕೆಲಸ ಮಕ್ಕಳದ್ದು. ಗಿಡದ ಹೆಸರು, ಯಾರ ಮನೆಯ ಬೀಜ, ಯಾವ ತಿಂಗಳು ಕೊಯ್ದದ್ದು, ಇಷ್ಟು ಬರೆದರೆ ಸಾಕು. ನಮ್ಮ ಬಾಟಲಿಯಲ್ಲಿ ಮಗಳ ಅಕ್ಷರದಲ್ಲಿ ಹೀಗಿದೆ: "ಕೆಂಪು ಹರಿವೆ. ಆಚೆಮನೆ ಅಜ್ಜಿದು. ಮಾರ್ಚ್. ಉಪ್ಪು ಕೊನೆಗೆ."